ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೂ ಬ್ಯಾಟರಿ ಯಾಕೆ ಕೂರುತ್ತದೆ?

ಆಯುಧಪೂಜೆಯ ಹಿಂದಿನ ದಿನ ನನ್ನ ಫೋನು ಬೆಳಿಗ್ಗೆ 7ಕ್ಕೇ ಶುರುವಾಗುತ್ತದೆ. ಎಲ್ಲರದ್ದೂ ಒಂದೇ ಕತೆ. ಕಾರು ತೊಳೆದಾಗಿದೆ, ಹಾರ ಬಂದಿದೆ, ಬೂದುಗುಂಬಳ, ನಿಂಬೆಹಣ್ಣು ಎಲ್ಲ ರೆಡಿ, ಶೆಡ್ಡಿನಿಂದ ಅಂಗಳಕ್ಕೆ ತರೋಣ ಅಂತ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಟಿಕ್. ಮಳೆಗಾಲ ಪೂರ್ತಿ ನಿಂತ ಗಾಡಿಗಳು ಇವು. ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟು 20 ವರ್ಷ ದಾಟಿತು. ಆ ಒಂದು ದಿನ ಮಧ್ಯಾಹ್ನದ ಊಟ ಸಂಜೆ 4ಕ್ಕೆ ಮುಂಚೆ ಮಾಡಿದ ನೆನಪೇ ಇಲ್ಲ.

ಅದಕ್ಕಿಂತ ಜಾಸ್ತಿ ಫೋನ್ ಬಂದಿದ್ದು ಒಂದೇ ಸಲ, 2020ರ ಲಾಕ್‌ಡೌನ್ ಸಡಿಲ ಆದಾಗ. ಮಾರ್ಚ್ 25ರಿಂದ ನಿಂತಿದ್ದ ಕಾರುಗಳೆಲ್ಲ ಮೇ ತಿಂಗಳಲ್ಲಿ ಒಟ್ಟಿಗೇ ಕೈಕೊಟ್ಟವು. ಅವತ್ತೂ ಇವತ್ತೂ ನಾನು ಕೇಳೋ ಮಾತು ಒಂದೇ. "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಇಡ್ತಿದ್ದೆ, ಆದರೂ ಹೀಗಾಯ್ತಲ್ಲ?"

ಆ ಐದು ನಿಮಿಷದ ಕತೆಯನ್ನೇ ಮೊದಲು ಹೇಳಿಬಿಡ್ತೀನಿ.

ತೀರ್ಥಹಳ್ಳಿ ಕಡೆ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ. ಅಡಿಕೆ ತೋಟದ ಮನೆ, ಮಗ ಹೊರದೇಶದಲ್ಲಿ, ಅವನು ತೆಗೆಸಿಕೊಟ್ಟ ಸಣ್ಣ ಕಾರು. ಮದುವೆ ಮುಂಜಿ ಬಿಟ್ಟರೆ ಕಾರು ಹೊರಗೆ ಬರೋದಿಲ್ಲ. ನಾಲ್ಕು ವರ್ಷದಲ್ಲಿ ಮೂರು ಬ್ಯಾಟರಿ ಆಗಿತ್ತು. ಮೂರನೇದು ಮಲಗಿದ ದಿನ ನನಗೆ ಫೋನ್ ಮಾಡಿ, "ಎಂತ ಮಾರಾಯ, ನೀನು ಕೊಡೋ ಬ್ಯಾಟರಿಯೇ ಸರಿ ಇಲ್ವೋ, ನನ್ನ ಕಾರಿಗೆ ಗಾಳಿ ಮೆಟ್ಟಿದೆಯೋ?" ಅಂದರು. ಅಂಗಡಿ ಹೆಸರು ಹಾಳಾಗೋ ಮಾತು ಅಲ್ವಾ? ಮೀಟರ್ ಎತ್ತಿಕೊಂಡು ಹೋದೆ.

ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮಧ್ಯೆ ಮೀಟರ್ ಸೇರಿಸಿ, ಕಾರು ಲಾಕ್ ಮಾಡಿದೆ. ಬಾನೆಟ್ ತೆರೆದಿದ್ದರೆ ಕೆಲವು ಕಾರು ನಿದ್ದೆಗೆ ಹೋಗೋದಿಲ್ಲ, ಅದಕ್ಕೆ ಬಾನೆಟ್ಟಿನ ಲಾಕನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿಟ್ಟೆ. ಮೇಷ್ಟ್ರ ಮನೆಯವರು ಕೊಟ್ಟ ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಮೀಟರಿನಲ್ಲಿ 38 ಮಿಲಿಆಂಪ್. ಇದನ್ನು ನಾವು ಲೀಕೇಜ್ ಅಂತೀವಿ. ಹಾಗಂತ ದೋಷ ಏನಲ್ಲ. ಅಲಾರಂ, ಸೆಂಟ್ರಲ್ ಲಾಕ್, ಸ್ಟೀರಿಯೋದ ನೆನಪು, ಇಂಜಿನ್ ಕಂಪ್ಯೂಟರ್, ಎಲ್ಲ ಸೇರಿ ಈಗಿನ ಕಾರು ನಿಂತಲ್ಲೇ 20ರಿಂದ 50 ಮಿಲಿಆಂಪ್ ಎಳೆಯೋದು ಮಾಮೂಲು.

ಆದರೆ ಲೆಕ್ಕ ಹಾಕಿ. 38 ಮಿಲಿಆಂಪ್ ಅಂದರೆ ದಿನಕ್ಕೆ ಸುಮಾರು 0.9 ಆಂಪಿಯರ್ ಅವರ್ (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್), ವಾರಕ್ಕೆ 6.4. ಅವರ ಬ್ಯಾಟರಿ ಪೂರ್ತಿ ತುಂಬಿದರೂ ಇರೋದೇ 35 ಆಂಪಿಯರ್ ಅವರ್. ಮೂರು ವಾರಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಇನ್ನು ಭಾನುವಾರದ ಐದು ನಿಮಿಷ. ಸೆಲ್ಫ್ ಹೊಡೆಯೋದಕ್ಕೆ ತುಂಬಾ ಕರೆಂಟ್ ಹೋಗುತ್ತೆ ಅಂತ ಎಲ್ಲರೂ ಹೆದರ್ತಾರೆ, ಅಷ್ಟೇನಿಲ್ಲ. ನೂರಿಪ್ಪತ್ತು ಆಂಪ್ ಎಳೆದರೂ ಎರಡೇ ಸೆಕೆಂಡ್, ಒಂದು ಆಂಪಿಯರ್ ಅವರಿನ ಹದಿನೈದರಲ್ಲಿ ಒಂದು ಪಾಲು. ಹೋಗಿದ್ದು ಪರವಾಗಿಲ್ಲ, ವಾಪಸ್ ಬಂದಿದ್ದು ಎಷ್ಟು ಅಂತ ನೋಡಬೇಕು. ವೈರಿನ ಸುತ್ತ ಹಿಡಿದರೆ ಕರೆಂಟ್ ತೋರಿಸೋ ಕ್ಲ್ಯಾಂಪ್ ಮೀಟರ್ ಹಾಕಿದೆ. ಇಂಜಿನ್ ಐಡ್ಲಿಂಗಿನಲ್ಲಿ ಇದ್ದಾಗ ಬ್ಯಾಟರಿಗೆ ಹೋಗ್ತಿದ್ದದ್ದು 9 ಆಂಪ್. ಐದು ನಿಮಿಷಕ್ಕೆ 0.75 ಆಂಪಿಯರ್ ಅವರ್ ಆಯ್ತು.

ವಾರಕ್ಕೆ 6.4 ಖರ್ಚು, ಮುಕ್ಕಾಲು ಜಮಾ. ಮೇಷ್ಟ್ರು ಗಣಿತ ಹೇಳಿಕೊಡ್ತಿದ್ದವರು. ಕಾಗದದ ಮೇಲೆ ಬರೆದು ತೋರಿಸಿದ ತಕ್ಷಣ, "ಹಾಗಾದರೆ ನಾನು ಇಷ್ಟು ದಿನ ಪೆಟ್ರೋಲ್ ಸುಟ್ಟಿದ್ದು ದಂಡ" ಅಂದರು. ದಂಡ ಅಷ್ಟೇ ಅಲ್ಲ ಮೇಷ್ಟ್ರೇ, ಇಂಜಿನ್ ಸರಿಯಾಗಿ ಬಿಸಿ ಆಗೋ ಮೊದಲೇ ಆಫ್ ಮಾಡಿದರೆ ಸೈಲೆನ್ಸರಿನಲ್ಲಿ ನೀರು ನಿಂತು ಅದೂ ತುಕ್ಕು ಹಿಡಿಯುತ್ತೆ ಅಂದೆ. ಅದು ಹೇಳಬಾರದಿತ್ತೇನೋ, ಮುಖ ಸಣ್ಣದಾಯ್ತು.

ಬ್ಯಾಟರಿ ಖಾಲಿ ಆದರೆ ಮತ್ತೆ ತುಂಬಿಸಿದರಾಯ್ತಲ್ಲ ಅಂತ ಕೇಳ್ತಾರೆ. ಕಷ್ಟ ಇರೋದು ಅಲ್ಲೇ. ಒಳಗಿರೋದು ಸೀಸದ ಪ್ಲೇಟು ಮತ್ತು ಆಸಿಡ್. ಖಾಲಿ ಆಗ್ತಾ ಹೋದ ಹಾಗೆ ಪ್ಲೇಟಿನ ಮೇಲೆ ಬಿಳಿ ಬೂಷ್ಟಿನ ಹಾಗೆ ಲೆಡ್ ಸಲ್ಫೇಟ್ ಕೂರುತ್ತದೆ. ಆಗಲೇ ಚಾರ್ಜ್ ಕೊಟ್ಟರೆ ಅದು ಕರಗಿ ವಾಪಸ್ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಆ ಜಾಗ ಸತ್ತ ಹಾಗೆಯೇ. ನಮ್ಮ ಬಾಯಲ್ಲಿ 'ಪ್ಲೇಟ್ ಸಲ್ಫೇಟ್ ಆಗಿದೆ' ಅಂದರೆ ಇದೇ. ಅಂಥ ಬ್ಯಾಟರಿಗೆ ವಾರಂಟಿ ಸಿಗೋದೂ ಕಷ್ಟ. ಓಡಿ ಓಡಿ ಸವೆದ ಬ್ಯಾಟರಿಗಿಂತ ನಿಂತು ನಿಂತು ಸತ್ತ ಬ್ಯಾಟರಿಯೇ ನನ್ನ ಗುಜರಿ ಮೂಲೆಯಲ್ಲಿ ಜಾಸ್ತಿ ಇದೆ.

ಎಲ್ಲಿಗೆ ಬಂದಿದೆ ಅಂತ ನೀವೇ ನೋಡಬಹುದು. ಸಾದಾ ಡಿಜಿಟಲ್ ಮೀಟರ್ ಸಾಕು. ರಾತ್ರಿ ಇಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ನೋಡಬೇಕು. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ ಅಷ್ಟೇ. 12 ವೋಲ್ಟ್ ಬ್ಯಾಟರಿಯಲ್ಲಿ 12 ಇದೆಯಲ್ಲ, ಸರಿ ಇದೆ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ. ಮೇಷ್ಟ್ರದ್ದು ಅವತ್ತು 11.9 ಇತ್ತು. 12.4ಕ್ಕಿಂತ ಕೆಳಗೆ ಇಳಿಯೋಕೆ ಬಿಡಬಾರದು, ಇಳಿದರೆ ಚಾರ್ಜಿಗೆ ಹಾಕಬೇಕು.

ಇಲ್ಲಿಗೆ ಬ್ಯಾಟರಿ ಮೇಂಟೇನರ್ ವಿಷಯ ಬರುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿ. ಒಂದು ಕಡೆ ಮನೆಯ ಪ್ಲಗ್, ಇನ್ನೊಂದು ಕಡೆ ಕೆಂಪು ಕಪ್ಪು ಕ್ಲಿಪ್ಪು. ಮೊದಲು ಬ್ಯಾಟರಿಯನ್ನು 14.4 ವೋಲ್ಟ್ ಆಸುಪಾಸಿನವರೆಗೆ ತುಂಬಿಸುತ್ತದೆ. ಬ್ಯಾಟರಿ ತಗೊಳ್ಳೋ ಕರೆಂಟ್ ಕಮ್ಮಿ ಆಯ್ತು ಅಂತ ಗೊತ್ತಾದ ಮೇಲೆ ತಾನೇ 13.5ರ ಸುತ್ತಮುತ್ತ ಇಳಿದು, ಲೀಕೇಜಿಗೆ ಎಷ್ಟು ಹೋಗುತ್ತೋ ಅಷ್ಟೇ ಕೊಡ್ತಾ ಕೂರುತ್ತದೆ. ಕೆಲವು ಪೂರ್ತಿ ನಿಂತು, ವೋಲ್ಟೇಜ್ ಇಳಿದಾಗ ಎದ್ದು ಮತ್ತೆ ಕೊಡ್ತವೆ. ತಿಂಗಳುಗಟ್ಟಲೆ ಹಾಕಿಟ್ಟರೂ ತೊಂದರೆ ಇಲ್ಲ. 5 ವ್ಯಾಟ್ ಎಳೆಯಿತು ಅಂತಿಟ್ಟುಕೊಂಡರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೆ.

ಇದನ್ನೂ ಹಳೇ ಚಾರ್ಜರನ್ನೂ ಒಂದೇ ಅಂದುಕೊಳ್ಳಬೇಡಿ. ಗುಂಯ್ ಅಂತ ಸದ್ದು ಮಾಡೋ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ಸಾಕು ಅನ್ನೋದು ಗೊತ್ತಾಗೋದಿಲ್ಲ. ನಾನು ಕೆಲಸ ಕಲಿಯೋ ಹುಡುಗ ಆಗಿದ್ದಾಗ ದೀಪಾವಳಿಗೆ ಊರಿಗೆ ಹೋಗೋ ಗಡಿಬಿಡಿಯಲ್ಲಿ ಒಂದು ಟ್ರಾಕ್ಟರ್ ಬ್ಯಾಟರಿಯನ್ನು ಅದರಲ್ಲಿ ಹಾಕಿ, ಸ್ವಿಚ್ ಆಫ್ ಮಾಡೋದು ಮರೆತು ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದು ಶಟರ್ ಎತ್ತಿದರೆ ಮೂಗಿಗೆ ಆಸಿಡ್ ಘಾಟು ಬಡೀತು. ನೀರೆಲ್ಲ ಕುದ್ದು ಆವಿಯಾಗಿ ಪ್ಲೇಟ್ ಹೊರಗೆ ಕಾಣ್ತಿತ್ತು, ಡಬ್ಬಿಯ ಪಕ್ಕ ಉಬ್ಬಿತ್ತು. ನನ್ನ ಗುರುಗಳು ಬೈಲಿಲ್ಲ, ಸಂಬಳದಲ್ಲಿ ಹಿಡಿದರು.

ಈಗ ಯಾವುದು ತಗೊಳ್ಳಬೇಕು ಅನ್ನೋದು. ಬೋಷ್, ಸ್ವೀಡನ್ನಿನ ಸಿಟೆಕ್, ಅಮೆರಿಕದ ನೋಕೋ, ಎಲ್ಲರದ್ದೂ ಇದೆ. ಒಳ್ಳೆಯದು ಬೇಕಂದರೆ ಸಣ್ಣ ಕಾರಿನ ಹೊಸ ಬ್ಯಾಟರಿಯ ಆಸುಪಾಸಿನ ಬೆಲೆ ಆಗುತ್ತದೆ, ಕೆಲವು ಜಾಸ್ತಿ. ಹೆಸರಿಗಿಂತ ಆಂಪ್ ನೋಡಿ. ಬರೀ ಕಾಪಾಡಿಕೊಂಡು ಹೋಗೋದಕ್ಕೆ 1 ಆಂಪ್ ಇದ್ದರೆ ಸಾಕು, ಆದರೆ ಪೂರ್ತಿ ಕೂತ 35ರ ಬ್ಯಾಟರಿಯನ್ನು ಅದರಲ್ಲಿ ಎಬ್ಬಿಸೋಕೆ ಹೊರಟರೆ ಎರಡು ದಿನ ಆಗುತ್ತೆ. ಎರಡೂ ಕೆಲಸ ಆಗಬೇಕಂದರೆ 4-5 ಆಂಪಿನದ್ದು ತಗೊಳ್ಳಿ. ಸ್ಕೂಟರಿಗೆ, ಬೈಕಿಗೆ ಅದನ್ನೇ ಹಾಕಬೇಡಿ. ಅಲ್ಲಿರೋದು 4-5 ಆಂಪಿಯರ್ ಅವರಿನ ಪುಟ್ಟ ಬ್ಯಾಟರಿ, ಅದರ ಹತ್ತರಲ್ಲಿ ಒಂದು ಪಾಲಿನಷ್ಟು ಆಂಪ್ ಕೊಡಬೇಕು ಅನ್ನೋದು ಹಿಂದಿನಿಂದ ಬಂದ ಲೆಕ್ಕ, ಕಮ್ಮಿ ಕರೆಂಟ್ ಕೊಡೋ ಬೈಕ್ ಮೋಡ್ ಇರೋದನ್ನೇ ನೋಡಿ. ಲಿಥಿಯಂ ಬ್ಯಾಟರಿ ಇದ್ದರೆ ಅದಕ್ಕೆ ಬೇರೆ ಮೋಡ್ ಇರಲೇಬೇಕು.

ಅಂಗಡಿಯವರು ಹೇಳದೇ ಇರೋ ಒಂದು ವಿಷಯ ಇದೆ, ನಮ್ಮ ಮಲೆನಾಡಿನವರಿಗೆ ಅದೇ ಮುಖ್ಯ. ಕರೆಂಟ್ ಹೋಗಿ ಬಂದಾಗ ಡಬ್ಬಿ ತಾನಾಗಿ ಶುರುವಾಗುತ್ತಾ? ಕೆಲವದರಲ್ಲಿ ಮತ್ತೆ ಬಟನ್ ಒತ್ತಬೇಕು. ಆಗಸ್ಟಿನಲ್ಲಿ ಇಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತೆ ಅಂತ ಲೆಕ್ಕ ಇಡೋರು ಯಾರು? ನೀವು ಹಾಕಿದೆ ಅಂತ ನೆಮ್ಮದಿಯಾಗಿ ಇರ್ತೀರಿ, ಅದು ಮೊದಲನೇ ದಿನವೇ ಮಲಗಿರುತ್ತೆ. ತಂದ ದಿನ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ ನೋಡಿಬಿಡಿ. ತಾನಾಗಿ ಏಳದಿದ್ದರೆ ವಾಪಸ್ ಕೊಡಿ.

ಹಾಕೋ ಕ್ರಮ ಸುಲಭ. ಪ್ಲಗ್ ಸ್ವಿಚ್ ಆಫ್ ಇರಲಿ. ಕೆಂಪು ಕ್ಲಿಪ್ ಪಾಸಿಟಿವ್ ಟರ್ಮಿನಲ್ಲಿಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರ, ಬಾಡಿಯ ಅಥವಾ ಇಂಜಿನ್ನಿನ ಪೇಂಟ್ ಇಲ್ಲದ ಬೋಲ್ಟಿಗೆ. ಆಮೇಲೆ ಸ್ವಿಚ್ ಆನ್. ತೆಗೆಯುವಾಗ ಮೊದಲು ಸ್ವಿಚ್ ಆಫ್. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಶೇ. 4 ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಕಪ್ಪು ಕ್ಲಿಪ್ಪನ್ನು ದೂರ ಹಾಕೋದು ಅದಕ್ಕೇ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗೋ ಹೊಸ ಕಾರುಗಳಲ್ಲಿ ಇನ್ನೊಂದು ಕಾರಣವೂ ಇದೆ. ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇರುತ್ತದೆ, ನೇರ ಟರ್ಮಿನಲ್ಲಿಗೇ ಕ್ಲಿಪ್ ಹಾಕಿದರೆ ಎಷ್ಟು ಚಾರ್ಜ್ ಹೋಯಿತು ಅಂತ ಕಾರಿಗೆ ಗೊತ್ತಾಗೋದಿಲ್ಲ. ನೀರು ಹಾಕೋ ಬ್ಯಾಟರಿ ಆದರೆ ಮೊದಲು ಮಟ್ಟ ನೋಡಿ, ಕಮ್ಮಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಎಷ್ಟೇ ಸಿಹಿ ಇದ್ದರೂ ಬೇಡ.

ರಿಕಂಡೀಷನ್ ಅಂತ ಒಂದು ಬಟನ್ ಇರುತ್ತದೆ ಕೆಲವದರಲ್ಲಿ. ಅದು 15 ವೋಲ್ಟ್ ದಾಟಿ ಹೋಗುತ್ತದೆ. ಬ್ಯಾಟರಿ ಕಾರಿನಲ್ಲೇ ಇರುವಾಗ ಅದನ್ನು ಮುಟ್ಟಲೇಬೇಡಿ, ನೀರು ಹಾಕೋಕೆ ಆಗದ ಸೀಲ್ಡ್ ಬ್ಯಾಟರಿಗಂತೂ ಬೇಡವೇ ಬೇಡ. ಸಲ್ಫೇಟ್ ಆದದ್ದನ್ನು ಪೂರ್ತಿ ಸರಿ ಮಾಡುತ್ತೆ ಅನ್ನೋ ಮಾತನ್ನು ನಾನು ನಂಬೋದಿಲ್ಲ. ಸ್ವಲ್ಪ ಹಾಳಾದದ್ದು ಸ್ವಲ್ಪ ಚೇತರಿಸಿಕೊಂಡದ್ದು ನೋಡಿದ್ದೀನಿ, ಸತ್ತದ್ದು ಎದ್ದಿದ್ದು ನೋಡಿಲ್ಲ. ಹಾಗೇ, ಪೂರ್ತಿ ಕೂತ ಬ್ಯಾಟರಿಗೆ ಈ ಸ್ಮಾರ್ಟ್ ಡಬ್ಬಿ ಹಾಕಿದರೆ ಅದು ಬ್ಯಾಟರಿ ಇದೆ ಅಂತಲೇ ಗುರುತಿಸದೆ ಸುಮ್ನೆ ಕೂರಬಹುದು. ಡಬ್ಬಿ ಕೆಟ್ಟಿದೆ ಅಂತ ಬೈಬೇಡಿ, ಅಂಗಡಿಗೆ ತಂದು ಸ್ವಲ್ಪ ಎಬ್ಬಿಸಿಕೊಂಡು ಹೋಗಿ.

ಎಲ್ಲರಿಗೂ ಇದು ಬೇಕಾ? ಇಲ್ಲ. ದಿನಾ ಓಡೋ ಗಾಡಿಗೆ ಬೇಡ. ಹತ್ತು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಹೈವೇಯಲ್ಲಿ ಓಡೋ ಗಾಡಿಗೂ ನಾನು ತಗೊಳ್ಳಿ ಅನ್ನೋದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಕಾರು ಇಟ್ಟವರಿಗೆ ಹತ್ತಿರ ಪ್ಲಗ್ಗೇ ಇರೋದಿಲ್ಲ. ಅವರಿಗೆ ಖರ್ಚಿಲ್ಲದ ದಾರಿ ಇದೆ. ಊರಿಗೆ ಹೋಗುವಾಗ 10 ನಂಬರ್ ಸ್ಪ್ಯಾನರಿನಲ್ಲಿ ನೆಗೆಟಿವ್ ಬಿಚ್ಚಿಟ್ಟು ಹೋಗಿ, ಲೀಕೇಜ್ ನಿಂತಿತು. ಆಮೇಲೆ ಉಳಿಯೋದು ಬ್ಯಾಟರಿ ತಾನಾಗಿ ಇಳಿಯೋದು ಮಾತ್ರ, ಅದು ತಿಂಗಳಿಗೆ ಶೇಕಡಾ ನಾಲ್ಕೈದು, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಬಿಚ್ಚೋ ಮೊದಲು ಎರಡು ವಿಷಯ ನೋಡಿಕೊಳ್ಳಿ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ರಿಮೋಟಿನ ಒಳಗಿರೋ ಸಾದಾ ಕೀಯಲ್ಲಿ ಡ್ರೈವರ್ ಬಾಗಿಲು ತೆರೆಯುತ್ತಾ ಅಂತ ಒಂದು ಸಲ ತೆರೆದು ನೋಡಿ. ಬಾನೆಟ್ ಮುಚ್ಚಿದ ಮೇಲೆ ರಿಮೋಟ್ ಕೆಲಸ ಮಾಡೋದಿಲ್ಲ ಅಂತ ನೆನಪಾಗಿ ಬೀಗದವನನ್ನು ಕರೆಸಿದವರನ್ನು ಕಂಡಿದ್ದೀನಿ.

ಸೋಲಾರ್ ಆಗುತ್ತಾ ಅಂತ ಕೇಳ್ತಾರೆ. ಬಯಲು ಸೀಮೆಯಲ್ಲಿ, ಟ್ರಾಕ್ಟರ್ ಬಿಸಿಲಲ್ಲೇ ನಿಲ್ಲೋ ಕಡೆ, ಹತ್ತು ವ್ಯಾಟಿನ ಪ್ಯಾನೆಲ್ ಮತ್ತು ಚಾರ್ಜ್ ಜಾಸ್ತಿ ಆಗದ ಹಾಗೆ ತಡೆಯೋ ಒಂದು ಕಂಟ್ರೋಲರ್ ಹಾಕಿದರೆ ಚೆನ್ನಾಗಿ ಆಗುತ್ತೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಕಂಡರೆ ತಾನೇ. ಎಲೆಕ್ಟ್ರಿಕ್ ಕಾರಿನವರು ಇದು ನಮಗಲ್ಲ ಅಂತ ನಗ್ತಾರೆ. ಅದರಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, ಅದು ಕೂತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎದ್ದೇಳೋದಿಲ್ಲ.

ಮೇಷ್ಟ್ರಿಗೆ ಹೊಸ ಬ್ಯಾಟರಿಯ ಜೊತೆ 4 ಆಂಪಿನ ಮೇಂಟೇನರ್ ಹಾಕಿಕೊಟ್ಟೆ. ದಿನಾ ಬಾನೆಟ್ ಎತ್ತೋದು ಬೇಡ ಅಂತ ಬ್ಯಾಟರಿಗೇ ಒಂದು ಪರ್ಮನೆಂಟ್ ವೈರ್ ಕೂರಿಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಟ್ಟು, ಗ್ರಿಲ್ಲಿನ ಸಂದಿಯಿಂದ ಸಾಕೆಟ್ ಹೊರಗೆ ತಂದೆ. ಕಾರು ನಿಲ್ಲಿಸಿದರು, ಸಿಕ್ಕಿಸಿದರು, ಮುಗೀತು. ತಿಂಗಳಿಗೊಮ್ಮೆ ತೀರ್ಥಹಳ್ಳಿ ಪೇಟೆಗೆ ಹೋಗಿ ಬನ್ನಿ, ಬ್ರೇಕ್ ಹಿಡಿಯಬಾರದು, ಟೈರು ಒಂದೇ ಕಡೆ ಚಪ್ಪಟೆ ಆಗಬಾರದು, ಅದನ್ನೆಲ್ಲ ಈ ಡಬ್ಬಿ ನೋಡಿಕೊಳ್ಳೋದಿಲ್ಲ ಅಂದಿದ್ದೆ. ಆ ಬ್ಯಾಟರಿಗೆ ಈಗ ಮೂರನೇ ವರ್ಷ. ಮೊನ್ನೆ ನೋಡಿದಾಗಲೂ 12.7.

ಈ ಸಲದ ಆಯುಧಪೂಜೆಗೂ ಅವರ ಫೋನ್ ಬಂತು. ಗಾಡಿ ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಸ್ಟಾರ್ಟ್ ಆಯ್ತಂತೆ, ಆದರೆ ಪಿಕಪ್ಪೇ ಇಲ್ಲ, ಏನೋ ವಾಸನೆ ಬೇರೆ. ಹೋಗಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಅಡಿಕೆ ಸಿಪ್ಪೆ, ಹರಿದ ಚಿಂದಿ, ಇಲಿ ಸಂಸಾರ. "ಇದಕ್ಕೂ ಒಂದು ಡಬ್ಬಿ ಇದ್ದರೆ ತಾರಪ್ಪ" ಅಂದರು ಮೇಷ್ಟ್ರು.