ಪದ ಪರಿಚಯ: ಬಿಳಿ ರಕ್ತಕಣ

ಕೊಡಗಿನಲ್ಲಿ ಮಳೆ ಹಿಡಿದು ತೋಟದ ಬಾವಿ ನೀರು ಕದಡಿತೆಂದರೆ ಸಾಕು, ವಾಟ್ಸಾಪ್‌ನಲ್ಲಿ ಹಳೇ ಪಾಠ ಶುರು: 'ಬಿಳಿ ರಕ್ತಕಣಗಳು ನಮ್ಮ ಸೈನಿಕರು, ಕಂಡ ಬ್ಯಾಕ್ಟೀರಿಯಾವನ್ನೆಲ್ಲ ನುಂಗಿ ಮುಗಿಸುತ್ತವೆ.' ಸೈನಿಕರೆಂದರೆ ಇಲ್ಲಿನವರಿಗೆ ಅಭಿಮಾನ, ಇರಲಿ. ಆದರೆ ನುಂಗುವುದೇ ಬೇರೆ, ಮುಗಿಸುವುದೇ ಬೇರೆ.

ಬಿಳಿ ರಕ್ತಕಣಗಳಲ್ಲಿ ಹಲವು ಬಗೆ. ಇಲ್ಲಿ ಬೇಕಾದವು ಎರಡು: ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್. ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಲಾರ್ವಾಕ್ಕೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಮುಳ್ಳಿನ ಸುತ್ತ ಇಂಥ ನುಂಗುವ ಕಣಗಳು ಮುತ್ತಿದ್ದವು. ಈ ಕೆಲಸಕ್ಕೆ 1908ರಲ್ಲಿ ನೊಬೆಲ್ ಕೂಡ ಬಂತು. 'ಫೇಜ್' ಬಂದಿದ್ದು ತಿನ್ನು ಎಂಬ ಅರ್ಥದ ಗ್ರೀಕ್ ಪದದಿಂದ, 'ಮ್ಯಾಕ್ರೋ' ಅಂದರೆ ದೊಡ್ಡದು. ದೊಡ್ಡ ತಿಂಡಿಪೋತ, ಅಷ್ಟೇ. ತಿಂದದ್ದು ಅರಗುತ್ತದೆ ಎಂಬ ಭರವಸೆ ಹೆಸರಿನಲ್ಲಿ ಎಲ್ಲೂ ಇಲ್ಲ.

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ನೋಡಿ. ಅದು ಕರುಳಿನ ಗೋಡೆ ದಾಟುತ್ತದೆ, ಮ್ಯಾಕ್ರೋಫೇಜ್ ಅದನ್ನು ನುಂಗಿ ತನ್ನೊಳಗಿನ ಒಂದು ಚೀಲದಲ್ಲಿ ಇಡುತ್ತದೆ. ಆ ಚೀಲಕ್ಕೆ ಆಮ್ಲ, ಕಿಣ್ವ ಸುರಿದು ಕೊಲ್ಲಬೇಕು. ಆದರೆ ಬ್ಯಾಕ್ಟೀರಿಯಾ ಸೂಜಿಯಂಥ ಒಂದು ಅಂಗದಿಂದ ತನ್ನ ಪ್ರೋಟೀನ್‌ಗಳನ್ನು ಆಚೆ ತೂರಿ, ಚೀಲವನ್ನೇ ತನಗೆ ಬೇಕಾದ ಹಾಗೆ ಬದಲಿಸಿಕೊಳ್ಳುತ್ತದೆ. ಅಲ್ಲೇ ಮರಿ ಹಾಕಿಕೊಂಡು ಯಕೃತ್ತು, ಗುಲ್ಮ, ಮೂಳೆ ಮಜ್ಜೆಗೆ ಹೋಗುತ್ತದೆ. ಹಾಗಾಗಿ ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಸಲೀಸಾಗಿ ಕೊಲ್ಲುವ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್, ರೋಗಿಯ ಮೈಯಲ್ಲಿ ಸೋಲುತ್ತದೆ. ಅದು ಕಣದೊಳಗೆ ಸರಿಯಾಗಿ ಇಳಿಯುವುದಿಲ್ಲ. ಇನ್ನೊಂದು ಆ್ಯಂಟಿಬಯೋಟಿಕ್, ಅಜಿತ್ರೊಮೈಸಿನ್, ಇಳಿಯುತ್ತದೆ.

ಇನ್ನೊಂದು ಮಾತು ಕೇಳಿದರಂತೂ ಕೋಪವೇ ಬರುತ್ತದೆ: 'ಕೌಂಟ್ ನಾರ್ಮಲ್ ಇದೆ, ಇನ್ಫೆಕ್ಷನ್ ಇಲ್ಲ ಬಿಡಿ.' ಕೌಂಟ್ ಅಂದರೆ ರಕ್ತದಲ್ಲಿನ ಬಿಳಿ ರಕ್ತಕಣಗಳ ಲೆಕ್ಕ; ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್‌ಗೆ ಸುಮಾರು 4,000ದಿಂದ 11,000 ನಾರ್ಮಲ್, ಸರಿ. ಆದರೆ ಟೈಫಾಯ್ಡ್‌ನಲ್ಲಿ ಕೌಂಟ್ ಬಹಳ ಸಲ ನಾರ್ಮಲ್ಲೇ ಇರುತ್ತದೆ, ಇಳಿದಿರುವುದೂ ಉಂಟು. ಆ ಒಂದು ಸಾಲು ನೋಡಿ ಜ್ವರದವರನ್ನು ಸುಮ್ನೆ ಮನೆಗೆ ವಾಪಸ್ ಕರೆದುಕೊಂಡು ಬರುವುದಾ?

ರಕ್ತಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದ್ದು ಬೇರೆ ವರಸೆ. ಚೀಲ ಒಡೆದು ಹೊರಬರುತ್ತದೆ, ನುಂಗಿದ ಮ್ಯಾಕ್ರೋಫೇಜನ್ನೇ ಸಿಡಿಸುತ್ತದೆ. ಆಮೇಲೆ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ. ಶಿಗೆಲ್ಲಾವನ್ನು ಕೊಲ್ಲುವುದು ಇವಕ್ಕೆ ಗೊತ್ತು, ಆದರೆ ನುಗ್ಗುವ ಭರದಲ್ಲಿ ಕರುಳಿನ ಒಳಪದರವೂ ಹಾಳಾಗುತ್ತದೆ. ರಕ್ತಭೇದಿಯಲ್ಲಿ ಮಲ ಪರೀಕ್ಷೆಯ ರಿಪೋರ್ಟಿನಲ್ಲಿ 'ಪಸ್ ಸೆಲ್ಸ್' ಅಂತ ಬರೆದಿರುತ್ತಾರಲ್ಲ, ಅವು ಹೆಚ್ಚಾಗಿ ಇವೇ. ಕಾಲರಾ ಬ್ಯಾಕ್ಟೀರಿಯಾ ಒಳಗೆ ನುಗ್ಗುವುದೇ ಇಲ್ಲ. ಗೋಡೆಗೆ ಅಂಟಿ ಕೂತು ವಿಷ ಬಿಡುತ್ತದೆ. ಅದಕ್ಕೇ ಅಲ್ಲಿ ನೀರು ಜಾಸ್ತಿ, ಪಸ್ ಸೆಲ್ಸ್ ಕಮ್ಮಿ.