‘ಇನ್‌ಬೋರ್ಡ್’ ಅಂದರೆ ಸಾಲದು, ಡ್ರೈವ್ ಯಾವುದು ಹೇಳಿ

ಸೆಕೆಂಡ್ ಹ್ಯಾಂಡ್ ಕ್ಯಾಬಿನ್ ಬೋಟಿನ ಜಾಹೀರಾತಿನಲ್ಲಿ ‘ಇನ್‌ಬೋರ್ಡ್’ ಅಂತ ಬರೆದಿರುತ್ತಾರೆ. ಫೋಟೋ ನೋಡಿದರೆ ಬೋಟಿನ ಹಿಂಬದಿಗೆ ದಪ್ಪನೆಯ ಅಲ್ಯೂಮಿನಿಯಂ ಕಾಲೊಂದು ನೇತಾಡುತ್ತಿರುತ್ತದೆ. ಎಂಜಿನ್ ಒಳಗೇ ಇದೆಯಲ್ಲ, ಮತ್ತೇನು ತಪ್ಪು ಅಂತ ಮಾರುವವರು ಕೇಳುತ್ತಾರೆ. ಕೊಳ್ಳುವವರೂ ತಲೆಯಾಡಿಸುತ್ತಾರೆ. ಅಮೆರಿಕದ ಸರೋವರಗಳ ಪಕ್ಕ ನೆಲೆಸಿ ಬೋಟಿನ ಆಸೆ ಹತ್ತಿಸಿಕೊಂಡ ನಮ್ಮವರ ಬಾಯಲ್ಲೂ ಇದೇ ಮಾತು. ಕೇಳಿ ಕೇಳಿ ಸಾಕಾಗಿದೆ.

‘ಇನ್‌ಬೋರ್ಡ್’ ಎಂಜಿನ್ ಕೂತ ಜಾಗವನ್ನು ಮಾತ್ರ ಹೇಳುತ್ತದೆ. ಆ ಎಂಜಿನ್ನಿನ ಶಕ್ತಿ ಪ್ರೊಪೆಲ್ಲರ್‌ಗೆ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದೇ ಬೇರೆ ಪ್ರಶ್ನೆ. ಹಳೇ ಬೋಟಿನಲ್ಲಿ ಜೇಬಿಗೆ ಕತ್ತರಿ ಬೀಳುವುದು ಬಹಳ ಸಲ ಆ ಎರಡನೇ ಪ್ರಶ್ನೆಯಿಂದಲೇ.

ಮಲ್ಪೆ ಬಂದರಿನಲ್ಲಿ ಈ ಗೊಂದಲ ಇಲ್ಲ. ಟ್ರಾಲ್ ಬೋಟ್ ಅಂದರೆ ಒಳಗೆ ಡೀಸೆಲ್ ಎಂಜಿನ್, ಅಲ್ಲಿಂದ ತಳ ತೂರಿ ಹೊರಬರುವ ಉದ್ದನೆಯ ಶಾಫ್ಟ್, ತುದಿಗೆ ಪ್ರೊಪೆಲ್ಲರ್, ಅದರ ಹಿಂದೆ ಚುಕ್ಕಾಣಿ. ನಾಡದೋಣಿಗೆ ಹಿಂದೆ ಸಿಕ್ಕಿಸಿದ ಔಟ್‌ಬೋರ್ಡ್. ಅಲ್ಲಿ ಎರಡು ಪದ ಸಾಕು. ವಿಹಾರದ ಕ್ಯಾಬಿನ್ ಬೋಟುಗಳಲ್ಲಿ ಮೂರನೆಯದೊಂದಿದೆ, ಸ್ಟರ್ನ್‌ಡ್ರೈವ್. ಎಂಜಿನ್ ಒಳಗೆ, ಪ್ರೊಪೆಲ್ಲರ್ ಹೊತ್ತ ಕಾಲು ಬೋಟಿನ ಹಿಂಬದಿಗೆ ಹೊರಗೆ. ರಗಳೆಯೆಲ್ಲ ಅದರದ್ದೇ.

ಪದದ ಬೇರು ಸ್ವಲ್ಪ ಕೆದಕೋಣ, ಇಲ್ಲಿ ಅದು ಕೆಲಸಕ್ಕೆ ಬರುತ್ತದೆ. ಹಳೇ ಇಂಗ್ಲಿಷಿನಲ್ಲಿ ‘ಬೋರ್ಡ್’ ಅಂದರೆ ಹಲಗೆ. ಹಡಗಿನ ಮಗ್ಗುಲಿಗೂ ಅದೇ ಮಾತು. ಶಾಲೆಯ ಬೋರ್ಡೂ ಇದೇ, ‘ಆನ್ ಬೋರ್ಡ್’ನಲ್ಲಿರುವ ಬೋರ್ಡೂ ಇದೇ. ಹಲಗೆಯ ಒಳಗಿದ್ದರೆ ಇನ್‌ಬೋರ್ಡ್, ಹೊರಗಿದ್ದರೆ ಔಟ್‌ಬೋರ್ಡ್. ‘ಸ್ಟಾರ್‌ಬೋರ್ಡ್’ಗೂ ನಕ್ಷತ್ರಕ್ಕೂ ಸಂಬಂಧವಿಲ್ಲ. ಅದು ‘ಸ್ಟಿಯರ್’ ಮಾಡುವ ಮಗ್ಗುಲು. ಹಿಂದೆ ದಿಕ್ಕು ತಿರುಗಿಸುವ ಹುಟ್ಟನ್ನು ಹಡಗಿನ ಬಲಕ್ಕೆ ಕಟ್ಟುತ್ತಿದ್ದರು. ಹಡಗಿನ ಹಿಂಭಾಗಕ್ಕಿರುವ ‘ಸ್ಟರ್ನ್’ ಎಂಬ ಹೆಸರೂ ನಾರ್ಸ್ ಭಾಷೆಯಲ್ಲಿ ‘ನಡೆಸುವುದು’ ಎಂಬರ್ಥದ ಪದದಿಂದಲೇ ಬಂದಿರಬೇಕು ಅನ್ನುತ್ತಾರೆ. ಹಾಗಾಗಿ ಸ್ಟರ್ನ್‌ಡ್ರೈವ್ ಅನ್ನುವುದು ಬಹಳ ಒಪ್ಪುವ ಹೆಸರು. ಅದಕ್ಕೆ ಬೇರೆ ಚುಕ್ಕಾಣಿಯೇ ಇಲ್ಲ. ಸ್ಟಿಯರಿಂಗ್ ತಿರುಗಿಸಿದರೆ ಇಡೀ ಕಾಲೇ ತಿರುಗುತ್ತದೆ.

ಈ ಮಾದರಿಯನ್ನು ಜನಪ್ರಿಯ ಮಾಡಿದ್ದು ಬೋಟ್ ಎಂಜಿನ್ ಕಂಪನಿ ವೋಲ್ವೋ ಪೆಂಟಾದ ‘ಆಕ್ವಾಮ್ಯಾಟಿಕ್’. 1959ರಲ್ಲಿ ನ್ಯೂಯಾರ್ಕ್ ಬೋಟ್ ಶೋನಲ್ಲಿ ಅದು ಹೊರಬಂತು. ಅದರ ಹಿಂದಿದ್ದ ಜಿಮ್ ವಿನ್, ಮುಂಚೆ ಮರ್ಕ್ಯುರಿ ಎಂಜಿನ್ ತಯಾರಿಸುವ ಕಂಪನಿಯಲ್ಲಿದ್ದ ಎಂಜಿನಿಯರ್. ಸ್ವಲ್ಪದರಲ್ಲೇ ಆ ಕಂಪನಿಯೂ ತನ್ನದೇ ಸ್ಟರ್ನ್‌ಡ್ರೈವ್ ‘ಮರ್‌ಕ್ರೂಸರ್’ ತಂದಿತು. ಅಮೆರಿಕದಲ್ಲಿ ಇದಕ್ಕೆ ‘ಇನ್‌ಬೋರ್ಡ್-ಔಟ್‌ಬೋರ್ಡ್’ ಅನ್ನುತ್ತಾರೆ. ಎಂಜಿನ್ ಒಳಗೆ, ಡ್ರೈವ್ ಹೊರಗೆ, ಹಾಗಾಗಿ ಹೆಸರು ಸರಿಯಾಗೇ ಇದೆ. ಬ್ರಿಟನ್ನಿನಲ್ಲಿ ‘ಔಟ್‌ಡ್ರೈವ್’. ಜಾಹೀರಾತು ಬರೆಯುವವರು ‘ಔಟ್‌ಬೋರ್ಡ್’ ಅನ್ನುವ ಅರ್ಧವನ್ನು ನುಂಗಿಬಿಡುತ್ತಾರೆ. ತೊಂದರೆ ಕೊಡುವುದು ಅದೇ ಅರ್ಧ!

ಯಾಕೆ ಅಂದರೆ, ಎಂಜಿನ್ನಿನ ಶಕ್ತಿ ಹಿಂಬದಿಯ ಹಲಗೆ ತೂರಿ ಹೊರಬಂದು, ಕೆಳಗೆ ತಿರುಗಿ, ಮತ್ತೆ ಹಿಂದಕ್ಕೆ ತಿರುಗಬೇಕು. ಎರಡು ತಿರುವು, ಎರಡೂ ಕಡೆ ಗೇರು. ಮೇಲಾಗಿ ಕಾಲು ಎಡಬಲ ಆಡಬೇಕು, ಮೇಲೆ ಕೆಳಗೆ ಏಳಬೇಕು. ಅದಕ್ಕೆ ಯೂನಿವರ್ಸಲ್ ಜಾಯಿಂಟ್, ಅದರ ಸುತ್ತ ನೀರು ಬರದಂತೆ ರಬ್ಬರಿನ ಬೆಲ್ಲೋಸ್. ಕಾರಿನ ಆಕ್ಸಲ್ ಬೂಟಿನ ತರಹದ್ದೇ, ಆದರೆ ಇದು ನೀರಿನ ಮಟ್ಟದಲ್ಲೇ ಕೂತಿರುತ್ತದೆ. ಹರಿದರೆ ಮೊದಲು ಬೇರಿಂಗ್ ಹೋಗುತ್ತದೆ. ಗಮನಿಸದೆ ಬಿಟ್ಟರೆ ಬೋಟೇ ಮುಳುಗಬಹುದು. ಬೆಲ್ಲೋಸ್ ಹಾಳಾಗುವುದಕ್ಕೆ ಬೋಟ್ ಓಡಲೇಬೇಕು ಅಂತಿಲ್ಲ, ವರ್ಷ ಕಳೆದರೆ ಸಾಕು. ಅದಕ್ಕೇ ‘ಎಂಜಿನ್ ಓಡಿದ ಗಂಟೆ ತುಂಬಾ ಕಡಿಮೆ’ ಅನ್ನುವ ಮಾತಿಗೆ ಮರುಳಾಗಬೇಡಿ. ಸುಮ್ನೆ ನಿಂತ ಬೋಟಿಗಿಂತ ನಿಯಮಿತವಾಗಿ ಓಡಿ, ಸರ್ವಿಸ್ ಬಿಲ್ ಇಟ್ಟುಕೊಂಡ ಬೋಟ್ ಮೇಲು.

ಡ್ರೈವಿನ ಎಣ್ಣೆ ಸ್ವಲ್ಪ ತೆಗೆಸಿ ನೋಡಿ. ಹಾಲು ಬೆರೆತ ಹಾಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಉಪ್ಪುನೀರಿನ ಬೋಟಾದರೆ ಅಲ್ಯೂಮಿನಿಯಂ ತಿಂದುಹೋಗಿದೆಯಾ ನೋಡಿ. ಕಾಲಿನ ಬದಲು ತಾವು ಸವೆಯಲಿ ಅಂತಲೇ ಹಾಕುವ ಆನೋಡ್‌ಗಳಿರುತ್ತವೆ: ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಆದರೆ ಎರಡಕ್ಕೂ ನಡೆಯುತ್ತದೆ. ಹಳೇ ಬೋಟಿನ ಆನೋಡ್ ಹೊಸದರ ಹಾಗೆ ನುಣ್ಣಗಿದ್ದರೆ ನಾನಂತೂ ಖುಷಿಪಡುವುದಿಲ್ಲ. ಒಂದೋ ನಿನ್ನೆ ಹಾಕಿದ್ದು, ಇಲ್ಲಾ ಅದು ಕೆಲಸವನ್ನೇ ಮಾಡುತ್ತಿಲ್ಲ.

‘ಮರ್‌ಕ್ರೂಸರ್ ಡ್ರೈವ್’ ಅಂದರೂ ಪೂರ್ತಿ ಹೇಳಿದಂತಲ್ಲ. ಅದರಲ್ಲೂ ಮಾದರಿಗಳಿವೆ: ಆಲ್ಫಾ ಹಗುರ ಬೋಟಿಗೆ, ಬ್ರಾವೋ ಹೆಚ್ಚು ಶಕ್ತಿಗೆ. ಬ್ರಾವೋ ಟೂನಲ್ಲಿ ಭಾರದ ಬೋಟಿಗಾಗಿ ಒಂದೇ ದೊಡ್ಡ ಪ್ರೊಪೆಲ್ಲರ್. ಬ್ರಾವೋ ತ್ರೀಯಲ್ಲಿ ಎದುರುಬದುರು ತಿರುಗುವ ಎರಡು. ಆ ಜೋಡಿ ಪ್ರೊಪೆಲ್ಲರನ್ನು ವೋಲ್ವೋ ಪೆಂಟಾ 1982ರಲ್ಲೇ ‘ಡ್ಯುಯೋಪ್ರಾಪ್’ ಅಂತ ತಂದಿತ್ತು. ಕ್ಯಾಬಿನ್, ಅಡುಗೆಮನೆ, ನೀರಿನ ಟ್ಯಾಂಕ್ ಹೊತ್ತ ಭಾರದ ಬೋಟಿಗೆ ಪುಟ್ಟ ಎಂಜಿನ್ನು, ಆಲ್ಫಾ ಕಾಲು ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ನಾನು ಕೊಳ್ಳದೆ ಮುಂದಿನ ಬೋಟಿಗೆ ಹೋಗುತ್ತೇನೆ.

ಶಾಫ್ಟ್ ಇರುವ ನಿಜವಾದ ಇನ್‌ಬೋರ್ಡ್‌ಗೆ ಈ ಕಾಟ ಕಡಿಮೆ. ಸ್ಟಫಿಂಗ್ ಬಾಕ್ಸ್ (ಶಾಫ್ಟ್ ತಳ ತೂರುವ ಕಡೆ ನೀರು ತಡೆಯುವ ಭಾಗ), ಬೇರಿಂಗ್, ಅಷ್ಟೇ ಜಾಸ್ತಿ ಗಮನ ಬೇಡುವುದು. ಆದರೆ ಪ್ರೊಪೆಲ್ಲರ್ ಮೇಲೆತ್ತಲು ಬರದ ಕಾರಣ ಆಳವಿಲ್ಲದ ನೀರಿನಲ್ಲಿ ಕಷ್ಟ. ರಿವರ್ಸ್ ಹೋಗುವಾಗ ಅದರದ್ದೇ ಹಟ. ಉಪ್ಪುನೀರಿನಲ್ಲಿ ವರ್ಷವಿಡೀ ಕಟ್ಟಿಹಾಕುವವರಿಗೆ ನಾನು ಹೇಳುವುದು ಈ ಶಾಫ್ಟಿನ ಬೋಟನ್ನೇ. ಟ್ರೇಲರ್ ಮೇಲೆ ಮನೆಗೆ ತರುವವರಿಗೆ ಸ್ಟರ್ನ್‌ಡ್ರೈವ್ ಸರಿ.

ಎಂಜಿನ್ ಬಗ್ಗೆ ಎರಡೇ ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ತುಂಬಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷವಾದರೂ ಆ ಆವಿ ಹೊರಹಾಕುವ ಫ್ಯಾನ್, ಅಂದರೆ ಬ್ಲೋವರ್, ಓಡಿಸುವುದು ವಾಡಿಕೆ, ಹಾಗಾಗಿ ಬ್ಲೋವರ್ ಕೆಟ್ಟಿದ್ದರೆ ಅದು ಸಣ್ಣ ದೋಷವಲ್ಲ. ಡೀಸೆಲ್‌ಗೆ ಆ ಭಯ ಬಹಳ ಕಡಿಮೆ, ಬೆಲೆ ಜಾಸ್ತಿ. ಸಮುದ್ರದ ನೀರಿನಿಂದಲೇ ನೇರ ತಣಿಯುವ ಪೆಟ್ರೋಲ್ ಎಂಜಿನ್ ಆದರೆ ಎಂಜಿನ್ನಿನ ಹೊಗೆ ಹೊರಹೋಗುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ಚಳಿ ಪ್ರದೇಶದ ಸರೋವರದ ಬೋಟಿಗೆ ಆ ತುಕ್ಕಿನ ಕಾಟ ಇರಲಿಕ್ಕಿಲ್ಲ, ಆದರೆ ಚಳಿಗಾಲಕ್ಕೆ ಮುಂಚೆ ನೀರು ಬಸಿಯದೆ ಬಿಟ್ಟಿದ್ದರೆ ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಬಿರುಕುಬಿಟ್ಟಿರಬಹುದು.

ಈಚೆಗೆ ಹಳೇ ಸ್ಟರ್ನ್‌ಡ್ರೈವ್ ಕಿತ್ತು, ಹಿಂಬದಿಯ ತೂತು ಮುಚ್ಚಿ, ಬ್ರಾಕೆಟ್ ಹಾಕಿ ಔಟ್‌ಬೋರ್ಡ್ ಕೂರಿಸಿದ ಬೋಟುಗಳೂ ಮಾರಾಟಕ್ಕೆ ಬರುತ್ತವೆ. ಕೆಲಸ ಚೆನ್ನಾಗಿ ಮಾಡಿದ್ದರೆ ಒಳ್ಳೆಯ ವ್ಯಾಪಾರವೇ. ಆದರೆ ಒಳಗಿದ್ದ ಭಾರವೆಲ್ಲ ಹಿಂದಕ್ಕೆ ಹೋಗಿರುತ್ತದೆ. ನೀರಿಗಿಳಿಸಿ, ಹಿಂಭಾಗ ಎಷ್ಟು ಕುಸಿಯುತ್ತದೆ ನೋಡಿಯೇ ಮುಂಗಡ ಕೊಡಿ.