412 ರೈತರಲ್ಲಿ 530 ಮಂದಿ ತೊಗರಿ ತಂದರೇ?

ತೊಗರಿ ಖರೀದಿ ಮುಗಿಯುತ್ತ ಬಂದಂತೆ ಕಲಬುರಗಿಯ ನನ್ನ ಕಚೇರಿಗೆ ಪ್ರತಿ ವರ್ಷವೂ ಒಂದೇ ತಪ್ಪು ನಡೆದು ಬರುತ್ತದೆ. ಹೋದ ಸಲ ಅದನ್ನು ತಂದವರು ಆಳಂದ ಕಡೆಯ ಸಹಕಾರ ಸಂಘವೊಂದರ ಕಾರ್ಯದರ್ಶಿ. ನೋಂದಣಿ ಪಟ್ಟಿಯಲ್ಲಿ 412 ರೈತರು. ಅವರಲ್ಲಿ ತೊಗರಿ ತಂದವರು 530! "ಮೇಡಂ, ಎಕ್ಸೆಲ್ ಕೆಟ್ಟಿದೆ" ಎಂದರು.

ತೂಕದ ಪಟ್ಟಿಯ ಪ್ರತಿ ಸಾಲಿಗೂ 'ಈ ಆಧಾರ್ ಸಂಖ್ಯೆ ನೋಂದಣಿಯಲ್ಲಿದೆಯೇ' ಎಂದು ಕೌಂಟ್‌ಇಫ್‌ನಿಂದ (ಒಂದು ಸಂಖ್ಯೆ ಪಟ್ಟಿಯಲ್ಲಿ ಎಷ್ಟು ಸಲ ಇದೆಯೆಂದು ಎಣಿಸುವ ಎಕ್ಸೆಲ್ ಸೂತ್ರ) ಕೇಳಿ, ಇದ್ದವನ್ನೆಲ್ಲ ಕೂಡಿಸಿದ್ದರು. ಕೌಂಟ್‌ಇಫ್‌ಗೆ ಗೊತ್ತಿರುವುದು ಸಾಲು ಮಾತ್ರ. ಒಬ್ಬ ರೈತ ಮೂರು ಸಲ ಟ್ರ್ಯಾಕ್ಟರ್ ತಂದರೆ ಮೂರು ತೂಕ, ಮೂರು ಸಾಲು. ಅದರ ಲೆಕ್ಕದಲ್ಲಿ ಮೂರು ಜನ. ಇದನ್ನು ಎಷ್ಟು ಸಲ ಹೇಳಿದ್ದೇನೋ! ಇನ್ನೊಮ್ಮೆ ಹೇಳುತ್ತೇನೆ. ಒಂದು ಜೋಳದ ರೊಟ್ಟಿಯನ್ನು ಮೂರು ತುಂಡು ಮಾಡಿ ಮೂರು ತಟ್ಟೆಗೆ ಹಾಕಿದರೂ ರೊಟ್ಟಿ ಒಂದೇ. ಹಾಗೆಯೇ, ಹೊಂದಿದ ಪ್ರತಿ ಸಾಲಿಗೆ ಒಂದು ಅಂಕ ಕೊಡಿ. ಆ ಸಾಲಿನ ಆಧಾರ್ ಸಂಖ್ಯೆ ತೂಕದ ಪಟ್ಟಿಯಲ್ಲಿಯೇ ಎಷ್ಟು ಸಲ ಇದೆಯೋ ಅಷ್ಟರಿಂದ ಆ ಒಂದನ್ನು ಭಾಗಿಸಿ. ಮೂರು ಸಲ ಬಂದವನ ಪ್ರತಿ ಸಾಲಿಗೂ ಮೂರನೆಯ ಒಂದು ಪಾಲು. ಸಮ್‌ಪ್ರಾಡಕ್ಟ್ ಸೂತ್ರ ಎಲ್ಲ ಪಾಲುಗಳನ್ನು ಕೂಡಿಸಿದಾಗ ಅವನು ಮತ್ತೆ ಒಬ್ಬನೇ ಆಗುತ್ತಾನೆ.

ನಡುವೆ ಖಾಲಿ ಸೆಲ್ ಇದ್ದರೆ ಸೊನ್ನೆಯಿಂದ ಭಾಗಿಸಿದ ದೋಷ ಬರುತ್ತದೆ, ಮೊದಲೇ ತೆಗೆಯಿರಿ. ಹೊಸ ಎಕ್ಸೆಲ್ ಇದ್ದವರು ಹೊಂದಿದ ಸಾಲುಗಳನ್ನು ಆರಿಸುವ ಫಿಲ್ಟರ್, ಮರುಕಳಿಸಿದ್ದನ್ನು ಒಂದೇ ಮಾಡುವ ಯುನೀಕ್ ಬಳಸಬಹುದು. ಆದರೆ ಅವನ್ನು, ತುಂಬಿದ ಸೆಲ್ ಎಣಿಸುವ ಕೌಂಟ್‌ಎ ಒಳಗೆ ಇಟ್ಟರೆ ಎಚ್ಚರ: ಒಬ್ಬರೂ ಹೊಂದದಿದ್ದಾಗ ಬರುವ ದೋಷವನ್ನೂ ಅದು ಒಂದೆಂದು ಎಣಿಸುತ್ತದೆ.

ಹೆಸರಿನಿಂದ ಹೊಂದಿಸಬೇಡಿ. ನಮ್ಮ ಊರುಗಳಲ್ಲಿ ಶರಣಪ್ಪಂದಿರು ಎಷ್ಟು ಜನ! ಬ್ಯಾಂಕ್ ಖಾತೆ ಸಂಖ್ಯೆಯೂ ಬೇಡ. ಪಠ್ಯವಾಗಿ ಬರೆದಿಟ್ಟರೂ ಕೌಂಟ್‌ಇಫ್ ಅದನ್ನು ಅಂಕಿಯೆಂದೇ ಓದಿ ಮೊದಲ 15 ಅಂಕಿಗಳನ್ನಷ್ಟೇ ಹಿಡಿಯುತ್ತದೆ. 16 ಅಂಕಿಯ ಎರಡು ಖಾತೆಗಳಲ್ಲಿ ಕೊನೆಯದೊಂದೇ ಬೇರೆಯಿದ್ದರೆ ಎರಡೂ ಒಂದೇ ಆಗುತ್ತವೆ. ಆಧಾರ್ 12 ಅಂಕಿಯದು, ಆ ಭಯವಿಲ್ಲ. ಸಂಖ್ಯೆ ಟೈಪ್ ಮಾಡುವಾಗಿನ ತಪ್ಪನ್ನು ಮಾತ್ರ ಈ ಸೂತ್ರಗಳು ಹಿಡಿಯಲಾರವು.

ಭಾಗಿಸಿದ ಮೇಲೆ ಬಂದದ್ದು 318. "ಹಾಗಾದರೆ ಉಳಿದ 94 ರೈತರು ಯಾಕೆ ಬರಲಿಲ್ಲ ಮೇಡಂ?" ಎಂದು ಕಾರ್ಯದರ್ಶಿಯ ಮುಖ ಬಾಡಿತು. ನೋಂದಣಿ ಪಟ್ಟಿಯನ್ನೂ ಹೀಗೆಯೇ ಎಣಿಸಲು ಹೇಳಿದೆ. ಎಂಟು ಜನ ಎರಡೆರಡು ಸರ್ವೆ ನಂಬರಿನಿಂದ ಎರಡೆರಡು ಸಲ ಇದ್ದರು. ರೈತರು 404, ಬಾರದವರು 86. ಖರೀದಿಗೆ ಇನ್ನೂ ನಾಲ್ಕು ದಿನ ಉಳಿದಿತ್ತು. ಅವರು ನನ್ನ ಮೇಜಿನ ಎದುರೇ ಕುಳಿತು ಒಬ್ಬೊಬ್ಬರಿಗೆ ಫೋನ್ ಮಾಡಲು ತೊಡಗಿದರು.